ಅಣ್ಣನ ಜೇಬಿನ ಕಂಪ್ಯೂಟರ್

ಗಡಿಯಾರದ ಅಂಗಡಿಯಲ್ಲಿ ಅಣ್ಣನದು ಅರ್ಧ, ನನ್ನದು ಅರ್ಧ. ನನ್ನ ಪಾಲನ್ನು ಅಡವಿಟ್ಟು, ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರ್‌ಗಳನ್ನು ಒಂದು ಡಜನ್ ತರಿಸಿದೆ. ಊರಲ್ಲಿ ಅಂಥದ್ದನ್ನು ಇನ್ನೂ ಯಾರೂ ಮಾರುತ್ತಿರಲಿಲ್ಲ. ಮೊದಲು ಇಳಿದವರಿಗೇ ಲಾಭ ಎಂದು ನನಗೆ ನಿದ್ದೆಯಲ್ಲೂ ಅದೇ ಕನವರಿಕೆ. ಅಣ್ಣ ಒಂದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದಕ್ಕೆ ಕೀ ಎಲ್ಲಿ ಕೊಡೋದು ಎಂದು ಕೇಳಿ ನನ್ನ ಮೈ ಉರಿಸಿದ. ಇವು ಮಾರಾಟವಾಗದಿದ್ದರೆ ನನ್ನ ಪಾಲು ಕೈಬಿಟ್ಟು ಹೋಗುತ್ತಿತ್ತು. ಆಮೇಲೆ ಆ ಅಂಗಡಿಯಲ್ಲಿ ನಾನು ಬರೀ ಅಣ್ಣನ ತಂಗಿ.

ಕೊನೆಗೂ ಪಾರ್ಸೆಲ್ ಕಂಪನಿಯ ಒಡತಿ ಸೋಮವಾರ ನೋಡಲು ಬರುತ್ತೇನೆಂದರು. ಹಿಡಿಸಿದರೆ ಪಾರ್ಸೆಲ್ ಹಂಚುವವರಿಗೆಲ್ಲ ಒಂದೊಂದು ಕೊಡಿಸುತ್ತಾರಂತೆ! ಅವತ್ತು ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸಿದೆ.

ಅವರು ಬಂದರು. ನಾನು ಠೀವಿಯಿಂದ ಒಂದನ್ನು ತೆಗೆದು ಗುಂಡಿ ಒತ್ತಿದೆ. ಪರದೆ ಕಪ್ಪಗೇ ಇತ್ತು. ಇನ್ನೊಂದೂ ಹಾಗೇ, ಮತ್ತೊಂದೂ ಹಾಗೇ.

ಅಣ್ಣ ಮೆಲ್ಲಗೆ ಬಾಯಿಬಿಟ್ಟ. "ನಿಂತ ಗಡಿಯಾರ ಯಾರ್ ತಗೋತಾರೆ? ಎಲ್ಲಾ ಓಡ್ತಾ ಇರ್ಲಿ ಅಂತ ಶನಿವಾರಾನೇ ಆನ್ ಮಾಡಿಟ್ಟೆ."

ಭಾನುವಾರವಿಡೀ ಬಾಗಿಲು ಹಾಕಿದ ಅಂಗಡಿಯಲ್ಲಿ ಅವು ಉರಿದು, ಬ್ಯಾಟರಿ ಮುಗಿದು ಸತ್ತಿದ್ದವು. ತಾವಾಗಿ ಆರಿಹೋಗುವ ಏರ್ಪಾಡನ್ನೂ ಹುಡುಕಿ ತೆಗೆದುಹಾಕಿದ್ದನಂತೆ. ಅದನ್ನು ಇವನು ಯಾವಾಗ ಕಲಿತ? ಚಾರ್ಜ್ ಆಗಲು ಒಂದು ಗಂಟೆಯಾದರೂ ಬೇಕು. ಒಡತಿ ಆಗಲೇ ಚೀಲ ಹೆಗಲಿಗೇರಿಸಿದ್ದರು. ನನಗೆ ಅಳುವೇ ಬಂತು.

ಅಣ್ಣ ಅಂಗಿಯ ಜೇಬಿಗೆ ಕೈಹಾಕಿ ಒಂದನ್ನು ಹೊರತೆಗೆದ. ಅದು ಬೆಳಗುತ್ತಿತ್ತು. ಅದರ ಜೊತೆ ಬಂದಿದ್ದ ಕಡ್ಡಿಯಿಂದ ಪರದೆಯ ಮೇಲೆ ಎರಡು ಕಡೆ ಕುಟ್ಟಿ, ಹೋದ ತಿಂಗಳು ನಿಮ್ಮ ಗಡಿಯಾರಕ್ಕೆ ಹೊಸ ಪಟ್ಟಿ ಹಾಕಿದ್ದೆ, ಇಲ್ಲಿ ನೋಡಿ ಎಂದು ತೋರಿಸಿದ. ರಿಪೇರಿಗೆ ಬಂದ ಒಂದೊಂದು ಗಡಿಯಾರದ ವಿವರವೂ ಅದರಲ್ಲಿತ್ತು. ಒಡತಿ ಅದನ್ನು ಕಿತ್ತುಕೊಂಡಂತೆ ತೆಗೆದುಕೊಂಡು, ಸ್ಟೂಲ್ ಎಳೆದು ಕೂತೇಬಿಟ್ಟರು. ಇದನ್ನು ಈಗಲೇ ಕೊಡಿ, ಉಳಿದದ್ದು ಸಂಜೆ ಕಳಿಸಿ ಎಂದರು.

ನಾನು ತಲೆಯಾಡಿಸುವಷ್ಟರಲ್ಲಿ ಅಣ್ಣ ಕೈಚಾಚಿ ಅದನ್ನು ವಾಪಸು ಪಡೆದ.

"ಇದು ಮಾರೋಕಲ್ಲ ಮೇಡಂ. ಇದಿಲ್ದೆ ನನ್ ಕೆಲ್ಸ ನಡೆಯಲ್ಲ."

ಒಡತಿ ಅವನ ಮುಖವನ್ನೇ ನೋಡಿದರು, ಆಮೇಲೆ ನಕ್ಕರು. ಉಳಿದವನ್ನೆಲ್ಲ ತಮ್ಮ ಹೆಸರಿಗೆ ತೆಗೆದಿಡಲು ಹೇಳಿ, ಇನ್ನೂ ಎರಡು ಡಜನ್‌ಗೆ ಮುಂಗಡ ಕೊಟ್ಟು ಹೋದರು. ನಾನು ಕುಣಿಯುವುದೊಂದು ಬಾಕಿ.

ಅಣ್ಣ ತಲೆ ಬಗ್ಗಿಸಿ ಯಾವುದೋ ಗಡಿಯಾರದ ಹಿಂಬದಿ ಬಿಚ್ಚುತ್ತ ಕೇಳಿದ:

"ಮುಂದಿನ ಸಲ ನನ್ ಅರ್ಧಾನೂ ಅಡ ಇಡೋಣ್ವಾ?"