ಬೊಗಸೆಯಲ್ಲಿ ದಾಟಿದ ದರ್ಬಾರು

ನಾನು ಒಂದು ಸರ್ವರ್. ಮುಖವಿಲ್ಲದ ಕಪ್ಪು ತಗಡಿನ ಪೆಟ್ಟಿಗೆ, ಬೆನ್ನಿಗೊಂದು ಫ್ಯಾನು. ದೂರದಿಂದ ಜನ ಕಳಿಸುವ ಫೈಲುಗಳನ್ನು ಬರಮಾಡಿಕೊಂಡು ಜೋಪಾನ ಮಾಡುವುದು ನನ್ನ ಕಸುಬು. ಹುಟ್ಟಿಸಿದವರು ನನಗೆ ಕಾಳು ತುಂಬಿಡುವ ಹಗೇವಿನಂಥ ಡಿಸ್ಕು ಕೊಟ್ಟರು. ಎಷ್ಟು ಸುರಿದರೂ ಹಿಡಿಯುತ್ತದೆ. ಕೆಲಸ ಮಾಡುವಾಗ ಕೈಯಲ್ಲಿ ಹಿಡಿದುಕೊಳ್ಳಲು ಬೇಕಾದ ಮೆಮೊರಿಯನ್ನು ಮಾತ್ರ ಬೊಗಸೆಯಷ್ಟೇ ಇಟ್ಟರು. ಅಗ್ಗದ ಮಾಲಿಗೆ ಅಷ್ಟು ಸಾಕೆಂದುಕೊಂಡಿರಬೇಕು.

ಮೊದಲು ಹುಬ್ಬಳ್ಳಿಯ ಟ್ಯೂಷನ್ ಕ್ಲಾಸೊಂದರಲ್ಲಿ ಮಕ್ಕಳ ಅಂಕಪಟ್ಟಿ ಹೊತ್ತೆ. ಹಗುರ ಸಾಮಾನು, ಕೆಲವರ ಅಂಕಗಳಂತೂ ತೀರಾ ಹಗುರ. ಕ್ಲಾಸು ಮುಚ್ಚಿದ ಮೇಲೆ ಗದಗಿನ ಹೊಸಮನಿ ಯಜಮಾನರು ನನ್ನನ್ನು ತಮ್ಮ ಪ್ರೆಸ್ಸಿಗೆ ತಂದರು. ಅಲ್ಲಿ ಲಗ್ನಪತ್ರಿಕೆಗಳ ಜೊತೆಗೆ ಬಟ್ಟೆಯ ಮೇಲೂ ಚಿತ್ರ ಮುದ್ರಿಸುತ್ತಿದ್ದರು.

ಯಜಮಾನರದು ಒಂದು ಕಟ್ಟಳೆ: ಅಚ್ಚಿಗೆ ಕೊಡುವ ಮ್ಯಾಟರು ಪೂರ್ತಿ ಬಾರದೆ ಒಳಗೆ ತೆಗೆದುಕೊಳ್ಳಬಾರದು. ಹಿಂದೊಮ್ಮೆ ಅರ್ಧ ಮ್ಯಾಟರು ಹಿಡಿದು ಅಚ್ಚು ಹಾಕಿ, ವರನ ಹೆಸರೇ ಇಲ್ಲದ ಲಗ್ನಪತ್ರಿಕೆ ಊರೆಲ್ಲ ಹಂಚಿಹೋಗಿತ್ತಂತೆ. ಅದೇ ಕಟ್ಟಳೆಯನ್ನು ನನಗೂ ಹಾಕಿಸಿದ್ದರು. ಬಂದ ಫೈಲನ್ನು ಪೂರ್ತಿ ಬೊಗಸೆಯಲ್ಲಿ ಕೂಡಿಹಾಕಿ, ಆಮೇಲೆ ಡಿಸ್ಕಿಗೆ ಸುರಿಯಬೇಕು. ಲಗ್ನಪತ್ರಿಕೆಗಳ ಮಟ್ಟಿಗೆ ಇದು ನಡೆಯಿತು.

ಒಂದು ದಿನ ನಾಟಕ ಕಂಪನಿಯ ಮಾಲಕಿ ಚಂಪಾಬಾಯಿ ಬಂದರು. ರಂಗದ ಹಿಂದೆ ಇಳಿಬಿಡುವ ಅವರ ದರ್ಬಾರಿನ ಪರದೆಗೆ ಗೆದ್ದಲು ಹಿಡಿದಿತ್ತು. ಅದನ್ನು ಬರೆದ ಕಲಾವಿದರು ತೀರಿಹೋಗಿದ್ದರು. ಸೊಲ್ಲಾಪುರದಲ್ಲಿದ್ದ ಕಲಾವಿದರ ಮಗಳ ಬಳಿ ಆ ಚಿತ್ರದ ಭಾರಿ ಫೈಲೊಂದಿತ್ತು. ಅದನ್ನು ತರಿಸಿ ಹೊಸ ಬಟ್ಟೆಯ ಮೇಲೆ ಮುದ್ರಿಸಿಕೊಡಬೇಕಿತ್ತು. ಮರುದಿನ ಸಂಜೆಯೇ ಗದಗಿನಲ್ಲಿ ಮೊದಲ ಪ್ರಯೋಗ.

ಮಗಳು ಕಳಿಸಿದಳು. ನಾನು ಕಟ್ಟಳೆಯಂತೆ ಕೂಡಿಹಾಕತೊಡಗಿದೆ. ಬೊಗಸೆ ತುಂಬಿತು, ತುಳುಕಿತು, ಮೂರ್ಛೆ ಹೋದೆ. ಎಬ್ಬಿಸಿ ಮತ್ತೆ ಕಳಿಸಿದರು, ಮತ್ತೆ ಬಿದ್ದೆ.

"ಫೈಲ್ ಸಣ್ಣದು ಮಾಡಿ ಕಳಸಾಕ ಹೇಳ್ರಿ ಬಾಯಾರ," ಎಂದರು ಯಜಮಾನರು.

"ಸಣ್ಣದು ಮಾಡಿದ್ರ ಕಂಬದ ಮ್ಯಾಲಿನ ಗಿಳಿ ಎಲ್ಲಾ ಕಾಗಿ ಆಗ್ತಾವಂತ್ರಿ! ಇನ್ನ ಉಳದದ್ದು ಅಡವಿ ಪರದೆ ಒಂದ. ಅದರ ಮುಂದ ದರ್ಬಾರ್ ಹೂಡಿದ್ರ ಮಂದಿ ರಾಜನ್ನ ಬಿಟ್ಟು ಮಂಗ್ಯಾನ ಹುಡುಕ್ತಾರ." ಚಂಪಾಬಾಯಿ ನಕ್ಕರು, ಆದರೆ ಕೈ ಸೆರಗಿನ ತುದಿ ಹಿಂಡುತ್ತಿತ್ತು. "ಹ್ವಾದ ಊರಾಗ ಮಂದಿನ ಬರಲಿಲ್ರಿ. ಇಲ್ಲೂ ನಗೆಪಾಟಲಾದ್ರ ಕಂಪನಿ ಮುಚ್ಚೂದ."

ನನ್ನ ಪ್ರೋಗ್ರಾಂ ನೋಡಿಕೊಳ್ಳುವವಳು ಯಜಮಾನರ ಸೊಸೆ ಇಂದುಮತಿ. "ಮಾವಾರ, ಒಮ್ಮೆಲೆ ನುಂಗು ಅಂದ್ರ ಪಾಪ ಇದು ಹೆಂಗ ನುಂಗತೈತಿ? ಚೂರು ಚೂರು ತಗೊಂಡು, ಬಂದದ್ದು ಬಂದಂಗ ಡಿಸ್ಕಿಗೆ ಹಾಕಲಿ."

"ಅರ್ಧಾ ಬಂದದ್ದು ಅಚ್ಚಾದ್ರ? ಮತ್ತ ಗಂಡಿಲ್ಲದ ಲಗ್ನ ಮಾಡಸ್ತಿ ಏನವಾ?"

"ಬಂದ ಚೂರು ಪಡಸಾಲ್ಯಾಗ ಕುಂದರ್ಲಿ. ಎಲ್ಲಾ ಕೂಡಿದ ಮ್ಯಾಲ ಅಷ್ಟ ಅಚ್ಚಿನ ಮಷೀನಿಗೆ ತೋರಸೂದು. ನಿಮ್ಮ ಕಟ್ಟಳಿ ಅಚ್ಚಿಗೆ ಇರ್ಲಿ, ಬರೂದಕ್ಕ ಬ್ಯಾಡ್ರಿ."

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಪ್ರೆಸ್ಸಿನಲ್ಲಿ ಒಪ್ಪಿಗೆಯೆಂದರೆ ಅದೇ.

ಇಂದುಮತಿ ಪ್ರೋಗ್ರಾಂ ತಿದ್ದಿದ ಮೇಲೆ ನನ್ನ ಗತ್ತು ನೋಡಬೇಕಿತ್ತು. ಒಂದು ಬೊಗಸೆ ಹಿಡಿ, ಡಿಸ್ಕಿಗೆ ಸುರಿ, ಕೈ ಖಾಲಿ ಮಾಡು, ಮತ್ತೆ ಒಡ್ಡು. ಛತ್ರಿ ಬಂತು, ಕಮಾನು ಬಂತು, ಸಿಂಹಾಸನದ ಅರ್ಧ ಬಂತು. ಅಷ್ಟರಲ್ಲಿ ಸೊಲ್ಲಾಪುರದಲ್ಲಿ ಕರೆಂಟು ಹೋಯಿತು.

"ಮುಗೀತು," ಎಂದು ಚಂಪಾಬಾಯಿ ಕುಸಿದು ಕೂತರು.

ಮುಗಿದಿರಲಿಲ್ಲ. ಬಂದ ಚೂರೆಲ್ಲ ಡಿಸ್ಕಿನಲ್ಲಿ ಭದ್ರವಾಗಿತ್ತು. ಕರೆಂಟು ಮರಳಿದಾಗ ಸಿಂಹಾಸನದ ಉಳಿದರ್ಧದಿಂದಲೇ ಶುರುಮಾಡಿದೆ. ಕೊನೆಯ ಚೂರು ಸೇರಿ ಲೆಕ್ಕ ಸರಿಹೋದ ಮೇಲೆಯೇ ಅಚ್ಚಿನ ಯಂತ್ರ ಗಡಗಡ ಅಂದಿತು.

ಮರುದಿನ ನಾಟಕ ನೋಡಿ ಬಂದ ಇಂದುಮತಿ ನಗು ತಡೆಯಲಾರದೆ ಮಾವನಿಗೆ ಹೇಳಿದಳು: "ಪರದೆ ಇಳದ ಕೂಡ್ಲೆ ಏನ್ ಚಪ್ಪಾಳಿ ಅಂತೀರಿ! ರಾಜಾ ತನಗ ಅನ್ಕೊಂಡು ಸರದಿಗಿಂತ ಮೊದಲ ಬಂದು ಬಿಟ್ಟ. ಮಾತು ನೆನಪಾಗಲಿಲ್ಲ, ಸುಮ್ಮನ ಮೀಸಿ ತಿರವಿದ. ಅದಕ್ಕೂ ಚಪ್ಪಾಳಿ!"

ರಾಜನ ತಪ್ಪನ್ನು ಮನ್ನಿಸಿದೆ. ಆ ಚಪ್ಪಾಳೆ ಯಾರಿಗೆ ಸಲ್ಲಬೇಕಾದದ್ದೆಂದು ನನಗೆ ಗೊತ್ತಿತ್ತು.

ಈಗ ನಾನು ಅಟ್ಟದ ಮೇಲೆ, ಕಾಗದದ ಹಳೆಯ ಕಟ್ಟುಗಳ ನಡುವೆ ಧೂಳು ತಿನ್ನುತ್ತಿದ್ದೇನೆ. ಕೆಳಗೆ ಕೂತಿರುವ ಹೊಸ ಸರ್ವರಿಗೆ ಮೆಮೊರಿ ಹೇರಳ. ಆದರೂ ಇಂದುಮತಿ ಅದಕ್ಕೆ ಕಲಿಸಿದ್ದು ನನ್ನ ಪಾಠವನ್ನೇ. ಚಂಪಾಬಾಯಿಯ ಕಂಪನಿ ಇನ್ನೂ ಊರೂರು ಸುತ್ತುತ್ತಿದೆಯಂತೆ. ಈ ಹೊತ್ತು ಯಾವುದೋ ಊರಿನಲ್ಲಿ ಆ ಪರದೆ ಇಳಿಯುತ್ತಿರಬಹುದು. ಇಡೀ ದರ್ಬಾರನ್ನು ನಾನು ಒಂದು ಗಳಿಗೆಯೂ ಬೊಗಸೆಯಲ್ಲಿ ಒಟ್ಟಿಗೆ ಹಿಡಿದವನಲ್ಲ. ಆದರೆ ಅದರ ಅಂಚಿನ ಒಂದು ಗೆರೆಯೂ ನನ್ನ ಕೈಯಿಂದ ಸೋರಿಲ್ಲ.