ಶಿವನಂಜಿಯ ಚೌಕ

ನಾನು ಒಂದು ಖೋ ಖೋ ಕಂಬ. ಜಾತಿಯಲ್ಲಿ ಹೊನ್ನೆ. ನಂಜನಗೂಡು ಸೀಮೆಯ ಬಡಗಿಯೊಬ್ಬ ನನ್ನನ್ನು ಕೊಟ್ಟಿಗೆಗೆಂದು ಕೆತ್ತುತ್ತಿದ್ದ. ಅಷ್ಟರಲ್ಲಿ ಶಿವನಂಜಿ ಬಂದಳು. "ದನ ಕಟ್ಟಕ್ಕೆ ಬೇರೆ ಗೂಟ ನೋಡ್ಕೊ ಕಣಣ್ಣ, ಇದು ನನ್ ಹುಡ್ಗೀರ್ಗೆ ಬೇಕು" ಎಂದು ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟಳು. ಆ ದಿನದಿಂದ ನನಗೆ ಸ್ವಲ್ಪ ಜಂಬ.

ಶಿವನಂಜಿ ರಾಜ್ಯಕ್ಕೆ ಆಡಿದವಳು. ಆ ಆಟದಿಂದಲೇ ರೈಲ್ವೆಯಲ್ಲಿ ಕೆಲಸ ಸಿಕ್ಕಿತ್ತು. ಸಂಜೆ ಸ್ಟೇಷನ್ನಿನಿಂದ ನೇರ ಶಾಲೆಯ ಬಯಲಿಗೆ ಬಂದು ಊರಿನ ಹೆಣ್ಣುಮಕ್ಕಳಿಗೆ ಪುಕ್ಕಟೆ ಆಟ ಕಲಿಸುತ್ತಿದ್ದಳು. ಮೊದಲು ಬೇಯಿಸಿದ ಮೊಟ್ಟೆ, ಆಮೇಲೆ ಓಟ. "ಹಸ್ಕೊಂಡು ಓಡ್ಬಾರ್ದು ಕಣಮ್ಮಿ" ಎನ್ನುತ್ತಿದ್ದಳು. ಓಡಿ ಬಂದು ಎಡಗೈಯಲ್ಲಿ ನನ್ನನ್ನು ಹಿಡಿದು ಗಿರ್ರನೆ ತಿರುಗಿದರೆ ನನ್ನ ಬುಡವೇ ಅಲ್ಲಾಡುತ್ತಿತ್ತು. ಅವಳ ಕಿರುಬೆರಳು ಹಿಂದೆಂದೋ ಮುರಿದು ಸೊಟ್ಟಗಾಗಿತ್ತು. ಸಾವಿರ ಕೈಗಳಲ್ಲಿ ಆ ಕೈ ನನಗೆ ಗೊತ್ತಾಗುತ್ತಿತ್ತು.

ಮೂರು ದಿನದ ಜ್ವರ, ಶಿವನಂಜಿ ಹೋಗಿಬಿಟ್ಟಳು. ಅಯ್ಯೋ, ಎಂಥಾ ಹೆಣ್ಣು!

ಮೊಟ್ಟೆ ಬೇಯಿಸಿಕೊಡುತ್ತಿದ್ದ ತಂಗಿ ಚಿಕ್ಕತಾಯಿ ಅಕ್ಕನ ಆಟದ ಶಿಬಿರವನ್ನು ನಿಲ್ಲಲು ಬಿಡಲಿಲ್ಲ. ಆದರೆ ಒಂದು ಕೆಲಸ ಮಾಡಿದಳು. ಕೂರುವ ಎಂಟು ಚೌಕಗಳಲ್ಲಿ ನನ್ನ ಪಕ್ಕದ್ದು ಅಕ್ಕ ಕೂರುತ್ತಿದ್ದ ಚೌಕ. ಅದಕ್ಕೆ ಅರಿಸಿನ ಕುಂಕುಮ ಹಾಕಿ, "ಇಲ್ಲಿ ಯಾರೂ ಕೂರ್ಬ್ಯಾಡಿ" ಎಂದಳು. ಹುಡುಗಿಯರು ಅದನ್ನು ಖಾಲಿ ಬಿಟ್ಟೇ ಆಡುವುದನ್ನು ಕಲಿತರು.

ಅಂದಿನಿಂದ ಎಲ್ಲರೂ ಮನೆಗೆ ಹೋದ ಮೇಲೆ, ಮುಸ್ಸಂಜೆಯಲ್ಲಿ, ಒಂದು ಕೈ ನನ್ನನ್ನು ಮುಟ್ಟತೊಡಗಿತು. ತಣ್ಣನೆಯ ಕೈ, ಸೊಟ್ಟ ಕಿರುಬೆರಳು. ತಿರುಗುತ್ತಿರಲಿಲ್ಲ, ಸುಮ್ಮನೆ ಹಿಡಿದುಕೊಂಡಿರುತ್ತಿತ್ತು. ಹೆದರಿದೆನೇ? ಹೆದರಿದೆ. ಕಂಬಕ್ಕೂ ಹೆದರಿಕೆ ಇರುತ್ತದೆ, ಓಡಿಹೋಗಲು ಆಗುವುದಿಲ್ಲ ಅಷ್ಟೆ.

ಊರಿನ ತಾಯಂದಿರಿಗೂ ಅಳುಕು. "ಸತ್ತೋರು ಕೂತಿರೋ ಜಾಗ, ಹೋಗ್ಬ್ಯಾಡ ಕಣಮ್ಮಿ" ಎಂದು ಒಬ್ಬೊಬ್ಬಳನ್ನೇ ಬಿಡಿಸಿದರು. ಕೊನೆಗೆ ಉಳಿದವರು ಒಂಬತ್ತೇ ಜನ. ತಂಡಕ್ಕೆ ಬೇಕಾದದ್ದೂ ಒಂಬತ್ತು, ಕೂರಲು ಎಂಟು, ಬೆನ್ನಟ್ಟಲು ಒಬ್ಬಳು. ಇನ್ನೊಬ್ಬಳು ಹೋದರೆ ಶಿವನಂಜಿಯ ಶಿಬಿರ ಮುಗಿದ ಹಾಗೆ.

ಶಿವನಂಜಿ ತೀರಿಕೊಂಡ ವರ್ಷದ ನೆನಪಿಗೆ ನಮ್ಮ ಬಯಲಿನಲ್ಲೇ ಪಂದ್ಯ ಇಟ್ಟರು. ಎಂಟು ಚೌಕವೂ ತುಂಬಲೇಬೇಕು ಎಂದು ಅಂಪೈರ್ ಪಟ್ಟು ಹಿಡಿದ. ಚಿಕ್ಕತಾಯಿ ಮುಖ ತಿರುಗಿಸಿ ನಿಂತಳು. ಎಲ್ಲರಿಗಿಂತ ಸಣ್ಣವಳಾದ ತನುಜಾ ಆ ಚೌಕದಲ್ಲಿ ಮುದುರಿ ಕೂತಳು. ಆಟ ಶುರುವಾಯಿತು. ಬೆನ್ನಟ್ಟುವ ಹುಡುಗಿಯರು ಅಭ್ಯಾಸಬಲದಿಂದ ಅವಳನ್ನು ದಾಟಿ ದಾಟಿ ನನ್ನ ತನಕ ಓಡಿದರು. ಎದುರಾಳಿಗಳು ಆ ಸಂದಿನಲ್ಲೇ ನುಸುಳಿ ನುಸುಳಿ ಪಾರಾದರು. ಆಟ ಮುಗಿಯುವವರೆಗೂ ತನುಜಾಳಿಗೆ ಒಬ್ಬರೂ ಖೋ ಕೊಡಲಿಲ್ಲ. ಹೀನಾಯವಾಗಿ ಸೋತೆವು.

ತನುಜಾ ಅಲ್ಲೇ ಕೂತು ಬಿಕ್ಕಿದಳು. "ನಾನೇನ್ ದೆವ್ವಾನಾ ಚಿಕ್ತಾಯಮ್ಮ? ಒಬ್ರೂ ನನ್ನ ಮುಟ್ನಿಲ್ಲ. ನಾಳಿಂದ ನಾ ಬರಕಿಲ್ಲ."

ಚಿಕ್ಕತಾಯಿ ಚೌಕದ ಹತ್ತಿರ ಬಂದಳು. ಬಗ್ಗಿ, ಸೆರಗಿನಿಂದ ಆ ಕುಂಕುಮವನ್ನೆಲ್ಲ ಒರೆಸಿದಳು. "ಏಳಬ್ಯಾಡ ಮಗ, ಹಂಗೇ ಕೂತಿರು" ಎಂದು ಸೀರೆ ಎತ್ತಿ ಕಟ್ಟಿದಳು. ಜನ್ಮದಲ್ಲಿ ಆಡದ ಹೆಂಗಸು ಆಚೆ ಕಂಬದಿಂದ ಏದುಸಿರು ಬಿಡುತ್ತಾ ಓಡಿ ಬಂದು ತನುಜಾಳ ಬೆನ್ನಿಗೆ ಪಟ್ಟನೆ ಬಡಿದಳು.

"ಖೋ!"

ತನುಜಾ ಕಣ್ಣೊರೆಸಿಕೊಳ್ಳುವುದನ್ನೂ ಮರೆತು ಓಡಿದಳು. ಖೋ ಕೊಟ್ಟವರು ಎದ್ದವರ ಜಾಗದಲ್ಲಿ ಕೂರಬೇಕು, ಅದು ಆಟದ ನಿಯಮ. ಚಿಕ್ಕತಾಯಿ ಅಕ್ಕನ ಚೌಕದಲ್ಲಿ ಕೂತಳು. ಕೂತು, ಊರೆಲ್ಲ ಕೇಳುವ ಹಾಗೆ ಅತ್ತಳು. "ಅಕ್ಕಾ, ನಾ ಕೂತಿವ್ನಿ. ಇನ್ ನೀ ಎದ್ದೇಳು."

ಅಂದು ಮುಸ್ಸಂಜೆ ಆ ಕೈ ಬಂತು. ನನ್ನನ್ನು ಬಿಗಿಯಾಗಿ ಹಿಡಿದು ಒಂದು ಸುತ್ತು ತಿರುಗಿತು, ಬುಡ ಅಲ್ಲಾಡುವ ಹಾಗೆ. ಮತ್ತೆ ಬರಲಿಲ್ಲ.

ಈಗ ನನ್ನ ಬುಡಕ್ಕೆ ಗೆದ್ದಲು ಹತ್ತಿದೆ. ಹೊಸ ಕಂಬ ನೆಟ್ಟು, ನನ್ನನ್ನು ಮೊಟ್ಟೆ ಬೇಯಿಸುವ ಕೋಣೆಯ ಗೋಡೆಗೆ ಒರಗಿಸಿದ್ದಾರೆ. ಬಯಲಿನಲ್ಲಿ ಮೂವತ್ತು ಹುಡುಗಿಯರ ಗಲಾಟೆ, ಕಲಿಸುವವಳು ತನುಜಾ. ಸುಳ್ಳು ಯಾಕೆ ಹೇಳಲಿ, ಹೆದರಿಸುತ್ತಿದ್ದ ಆ ಕೈಗಾಗಿ ಈಗಲೂ ಮುಸ್ಸಂಜೆಯಲ್ಲಿ ಕಾಯುತ್ತೇನೆ. ನನಗಿನ್ನೂ ಖೋ ಬಿದ್ದಿಲ್ಲ, ಬೆನ್ನಿಗೆ ಖೋ ಬೀಳುವವರೆಗೆ ಕೂತವರು ಏಳುವಂತಿಲ್ಲವಲ್ಲ.