ತೆರೆಗೆ ಹೋಗುವ ದಿನ

“ಒಣಗಿದೆಯಾ, ಇಲ್ವಾ?”

ಕೇಳಿದ್ದು ಯಾರನ್ನೂ ಅಲ್ಲ. ಪುಸ್ತಕಗಳಿಗೆ ರಟ್ಟು ಕಟ್ಟುವ ಆತ ಬೆಳಗ್ಗೆ ಎದ್ದವನೇ ಒತ್ತುಮಣೆಯ ತಿರುಪು ಸಡಿಲಿಸಿ, ಅದರಡಿ ಮಲಗಿದ್ದ ದಪ್ಪ ಪುಸ್ತಕವೊಂದನ್ನು ಹೊರಗೆಳೆದು, ರಟ್ಟಿನ ಒಳಮೈಯನ್ನು ಕೆನ್ನೆಗೆ ಒತ್ತಿಕೊಂಡು, ತನ್ನಷ್ಟಕ್ಕೆ ಆಡಿಕೊಂಡ ಮಾತು ಅದು. ವರ್ಷಾನುಗಟ್ಟಲೆ ಅಂಟು ಮೆತ್ತಿ ಬೆರಳು ದಪ್ಪವಾಗಿತ್ತು, ಅದನ್ನು ನಂಬುವ ಹಾಗಿರಲಿಲ್ಲ. ಮಂಜಿನ ಮೂರು ತಿಂಗಳೂ ಆ ರಟ್ಟು ಕೆನ್ನೆಗೆ ತಣ್ಣಗೆ ತಾಗಿತ್ತು. ಇವತ್ತು ಬೆಚ್ಚಗಿತ್ತು. ಕಿಟಕಿಯಾಚೆ ಮಂಜು ಬೀದಿಯನ್ನು ಬಿಟ್ಟು ಮೇಲೆದ್ದು, ಎದುರು ಸಾಲಿನ ಮಾಳಿಗೆಗಳ ಮೇಲೆ ಕೂತು, ಹೋಗಲೋ ಇರಲೋ ಎಂದು ಯೋಚಿಸುತ್ತಿತ್ತು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮನೆಯೆಲ್ಲ ಕಿವಿಯಾಯಿತು.

“ಒಣಗಿದೆ,” ಎಂದ.

ಆ ಮಾತಿಗೆ ಆ ಮನೆಯಲ್ಲಿ ಒಂದೇ ಅರ್ಥ. ರಟ್ಟು ಬೆಚ್ಚಗೆ ಒಣಗಿ ಬಂದ ಮೊದಲ ದಿನ ಅಂಗಡಿಗೆ ಬೀಗ. ಗಂಡ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಬಸ್ಸು ಹತ್ತಿ, ಕೊನೆಯ ನಿಲ್ದಾಣದಲ್ಲಿ ಇಳಿದು, ತೆರೆಗೆ ಹೋಗುವುದು. ತೆರೆ ಎಂದರೆ ಕೆರೆ. ಚಿಕ್ಕವಳಿಗೆ ಮಾತು ಬಂದಾಗ ಅದರ ಜೊತೆಗೆ ‘ಕ’ ಬಂದಿರಲಿಲ್ಲ, ‘ಗ’ವೂ ಬಂದಿರಲಿಲ್ಲ. ಎರಡು ವರ್ಷದವಳು ಆ ನೀರನ್ನು ಮೊದಲ ಸಲ ಕಂಡು, ಅಪ್ಪನ ಹೆಗಲ ಮೇಲಿಂದ ಬೆರಳು ಚಾಚಿ “ತೆರೆ” ಎಂದಿದ್ದಳು. ಅದೇ ಹೊತ್ತಿಗೆ ಮಂಜು ಪರದೆಯ ಹಾಗೆ ಸರಿದು, ನೀರು ಕಣ್ಣು ತೆರೆದು, ಅದರ ಮೈಯೆಲ್ಲ ಸಣ್ಣ ಸಣ್ಣ ತೆರೆಗಳಾಗಿ ಹೊಳೆದಿತ್ತು. ಮಗು ಒಂದು ಸಲ ತಪ್ಪು ಹೇಳಿತೋ, ಮೂರು ಸಲ ಸರಿ ಹೇಳಿತೋ, ಅವನಿಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಅಂದಿನಿಂದ ಮನೆಮಂದಿಗೆಲ್ಲ ಅದು ತೆರೆಯೇ.

ಅಂಥ ಮಾತುಗಳು ಆ ಮನೆಯಲ್ಲಿ ಬೇಕಾದಷ್ಟಿದ್ದವು. ಅವನ ಅಂಗಿಗೆ ಅಂಟಿನ ಕಲೆಯಾದರೆ ಚಿಕ್ಕವಳು “ಅಪ್ಪನ ಬಟ್ಟೆ ಮೇಲೆ ತಲೆ” ಎನ್ನುವಳು. ಗಾಳಿ ಬೀಸಿದರೆ “ದಾಳಿ ಬಂತು” ಎನ್ನುವಳು, ಎಲ್ಲರೂ ಸೈನ್ಯ ಕಂಡವರಂತೆ ಬಾಗಿಲು ಹಾಕಲು ಓಡುವರು. ಅಕ್ಕನನ್ನು “ಅತ್ತ” ಎಂದು ಕರೆದರೆ ದೊಡ್ಡವಳು “ಅತ್ತ ಅಂದ್ರೆ ಎತ್ತ?” ಎಂದು ಬೇಕೆಂತಲೇ ಬೇರೆ ದಿಕ್ಕಿಗೆ ನಡೆಯುವಳು. ಅಪ್ಪನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿ “ತೇಳಪ್ಪ ಇಲ್ಲಿ” ಎಂದರಂತೂ ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಲೇಬೇಕು.

ಚಿಕ್ಕವಳಿಗೆ ಈಗ ಆರು ತುಂಬಿತ್ತು. ಈ ಮಂಜುಗಾಲದಲ್ಲಿ ಅವಳು ಮಾತನ್ನೇ ಕಡಿಮೆ ಮಾಡಿದ್ದಳು. ಚಳಿಗೆ ಇರಬೇಕು ಎಂದುಕೊಂಡಿದ್ದ. ಅವನಿಗೆ ತನ್ನದೇ ಒಂದು ಕೊರಗಿತ್ತು: ಕಾಗದ ಮಡಿಸಿ ಅಂಚು ತೀಡುವ, ಬೆರಳುದ್ದದ ನುಣುಪಾದ ಮರದ ಕಡ್ಡಿ ಕಳೆದುಹೋಗಿತ್ತು. ದೊಡ್ಡ ಕಡ್ಡಿಯಲ್ಲೇ ಸಣ್ಣ ಪುಸ್ತಕಗಳನ್ನೂ ಮಡಿಸುತ್ತ, ಕಂಡಕಂಡವರ ಮೇಲೆ ಗೊಣಗುತ್ತ ಕಾಲ ತಳ್ಳಿದ್ದ. ಹೆಂಡತಿ ಮಾತ್ರ, ಮನೆಯಲ್ಲಿದ್ದದ್ದು ಎಲ್ಲಿಗೆ ಹೋಗುತ್ತದೆ, ಸಿಕ್ಕೀತು ಎಂದು ಹೇಳಿ ಮುಖ ತಿರುಗಿಸುತ್ತಿದ್ದಳು.

ಬಸ್ಸು ಮಂಜಿನೊಳಗೆ ತೇಲಿಕೊಂಡೇ ಹೋಯಿತು. ಬೀದಿದೀಪಗಳು ಹಗಲಿನಲ್ಲೂ ಆರದೆ, ನಿದ್ದೆಗಣ್ಣಿನಲ್ಲಿ ನಿಂತಿದ್ದವು. ಚಿಕ್ಕವಳು ಕಿಟಕಿಯ ಗಾಜಿಗೆ ಹಾ ಎಂದು ಉಸಿರು ಬಿಟ್ಟು, ಮೂಡಿದ ಮಬ್ಬಿನ ಮೇಲೆ ಏನೋ ದುಂಡಗೆ ಬರೆದು, ಅಳಿಸಿ, ಮತ್ತೆ ಉಸಿರು ಬಿಟ್ಟು ಅದನ್ನೇ ಬರೆಯುತ್ತಿದ್ದಳು. ಹೂವೋ, ಚಕ್ರವೋ ಎಂದುಕೊಂಡು ಅವನು ಕಣ್ಣು ಮುಚ್ಚಿದ. ಚಕ್ರಗಳ ಸದ್ದು ಯಾರೋ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿಕೊಳ್ಳುತ್ತಿರುವಂತೆ ಕೇಳುತ್ತಿತ್ತು. ಈ ಸಲವೂ ಅಲ್ಲಿನ ದೋಣಿಯವನು ಇದೇನೆಂದು ಕೇಳುತ್ತಾನೆ, ಇವಳು ‘ತೆರೆ’ ಎನ್ನುತ್ತಾಳೆ ಎಂದು ನೆನೆದೇ ಅವನ ತುಟಿಯಲ್ಲಿ ನಗು ಬಂತು. ಆ ಮಾತನ್ನು ನೀರಿನ ನಡುವೆ ಅವಳ ಬಾಯಿಂದ ಕೇಳಿದರೆ ಅವನಿಗೆ ವರ್ಷ ಹೊಸದಾಗುತ್ತಿತ್ತು.

ದಡದ ಮರದ ಕೆಳಗೆ ಬುತ್ತಿ ಬಿಚ್ಚಿದರು. ಕಿತ್ತಳೆ ಸುಲಿದು ಕೈ ಅಂಟಂಟಾಗಿ, ಒರೆಸಿಕೊಳ್ಳಲು ಚಿಕ್ಕವಳ ಚೀಲದಿಂದ ಕರವಸ್ತ್ರ ಎಳೆದ. ಅದರೊಳಗಿಂದ ಕಡ್ಡಿ ಜಾರಿ ಹುಲ್ಲಿನ ಮೇಲೆ ಬಿತ್ತು. ಅವನದೇ ಕಡ್ಡಿ. ಒಂದು ತುದಿಯ ತುಂಬ ಹಲ್ಲಿನ ಗುರುತು.

ಚಿಕ್ಕವಳು ನೀರಿನ ಅಂಚಿನಲ್ಲಿ ಕಲ್ಲು ಆರಿಸುತ್ತಿದ್ದಳು. ಅವನು ಹೆಂಡತಿಯ ಮುಖ ನೋಡಿದ. ಅವಳು ದೊಡ್ಡವಳ ಮುಖ ನೋಡಿದಳು. ಹೇಳಿದ್ದು ದೊಡ್ಡವಳೇ. ಶಾಲೆಯಲ್ಲಿ ಎಲ್ಲರೂ ಸೇರಿ ಒಂದು ಪದ್ಯ ಹೇಳುತ್ತಾರಂತೆ. ಅದರಲ್ಲಿ ಸಾಲಿಗೆರಡು ‘ಕ’. ಮೇಷ್ಟ್ರು ಇವಳನ್ನು ಹಿಂದಿನ ಸಾಲಿಗೆ ಕಳಿಸಿ, ತುಟಿ ಆಡಿಸು ಸಾಕು, ದನಿ ಬೇಡ ಎಂದಿದ್ದರಂತೆ. ಮೂರು ತಿಂಗಳು ತುಟಿ ಆಡಿಸಿದ್ದಳು. ಅಮ್ಮ ಕಡ್ಡಿಯಿಂದ ನಾಲಿಗೆಯ ತುದಿಯನ್ನು ಕೆಳಕ್ಕೆ ಒತ್ತಿ ಹಿಡಿದು, ಗಂಟಲಿನಿಂದ ಅಕ್ಷರ ಎತ್ತಿಸುತ್ತಿದ್ದದ್ದು ಅಡುಗೆಮನೆಯ ಬಾಗಿಲ ಹಿಂದೆ, ದಿನಾ ಸಂಜೆ. ಈಗ ವಾರದಿಂದ ಬರುತ್ತಿದೆಯಂತೆ. ನಾಳೆ ಮೇಷ್ಟ್ರು ಒಬ್ಬಳನ್ನೇ ನಿಲ್ಲಿಸಿ ಹೇಳಿಸುತ್ತಾರೆ. ಸರಿ ಬಂದರೆ ಮುಂದಿನ ಸಾಲಿನಲ್ಲಿ ಜಾಗ.

ನನಗ್ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ.

“ನಿಮಗೆ ಹೇಳಿದ್ರೆ ನಗ್ತಿದ್ರಿ,” ಎಂದಳು ಹೆಂಡತಿ. “ನಕ್ಕು, ಎತ್ಕೊಂಡು, ಮುದ್ದು ಮಾಡ್ತಿದ್ರಿ. ಅವಳಿಗೆ ಬೇಕಿದ್ದದ್ದು ಮುದ್ದಲ್ಲ ರೀ.” ಅವಳ ನಾಲಿಗೆ ಇನ್ನೂ ಹಸಿ ರಟ್ಟಿನ ಹಾಗಿದೆ, ಈಗ ಒಂದು ಸಲ ಹಳೇ ಕಡೆಗೆ ಬಾಗಿದರೆ ಅಲ್ಲೇ ನಿಂತುಬಿಡುತ್ತದೆ ಎಂದಳು.

ರಟ್ಟಿನ ಮಾತು ಅವನಿಗೆ ಅರ್ಥವಾಯಿತು. ಕಡ್ಡಿಯನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿ ಚೀಲದೊಳಗೇ ಇಟ್ಟ.

ದೋಣಿಯವನು ಹತ್ತಿಸಿಕೊಂಡ. ಬಿಳಿ ಗಡ್ಡದ, ಹುಟ್ಟು ಹಾಕುವಾಗ ಮಾತಾಡದ ಮನುಷ್ಯ. ನೀರಿನ ನಡುವೆ ಮಂಜು ಇನ್ನೂ ತೆಳ್ಳಗೆ ಹಾಸಿತ್ತು. ದಡ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯದೆ, ದೋಣಿ ಚಲಿಸುತ್ತಿದೆಯೋ ಲೋಕವೇ ಮೆಲ್ಲಗೆ ಹಿಂದೆ ಸರಿಯುತ್ತಿದೆಯೋ ಎನ್ನುವ ಹಾಗಿತ್ತು. ಜೊಂಡಿನ ಪೊದೆಯ ಹತ್ತಿರ ದೋಣಿಯವನು ಪ್ರತಿ ವರ್ಷದಂತೆ ಹುಟ್ಟು ಎತ್ತಿ ನಿಲ್ಲಿಸಿದ. ಹುಟ್ಟಿನಿಂದ ಹನಿಗಳು ಒಂದೊಂದಾಗಿ ಬಿದ್ದವು.

“ಏನ್ ಪುಟ್ಟಮ್ಮ, ಇದೇನು ಹೇಳು ನೋಡೋಣ?”

‘ತೆರೆ’ ಎಂದರೆ ಪೊದೆಯ ಸುತ್ತ ಇನ್ನೊಂದು ಸುತ್ತು. ಅದು ಅವರಿಬ್ಬರ ಹಳೆಯ ಒಪ್ಪಂದ.

ಚಿಕ್ಕವಳು ಎದ್ದು ನಿಂತಳು. ತಾಯಿ ಅವಳ ಲಂಗದ ಅಂಚು ಹಿಡಿದುಕೊಂಡಳು. ಮಗು ನಾಲಿಗೆಯನ್ನು ಒಳಗೆ ಎಲ್ಲೋ ಜಾಗ ನೋಡಿ ಇಡುವುದು ಕೆನ್ನೆಯ ಮೇಲಿಂದಲೇ ಕಂಡಿತು.

“ಕೆರೆ,” ಎಂದಳು.

ನೀರಿಗೆ ಕಲ್ಲು ಬಿದ್ದಷ್ಟು ಸ್ಪಷ್ಟವಾಗಿ ಬಂತು. ಆಚೆ ದಡದಿಂದಲೂ ಅದೇ ಮಾತು ತಿರುಗಿ ಬಂತು.

“ಅಯ್ಯೋ, ದೊಡ್ಡೋಳಾಗ್ಬಿಟ್ಯಲ್ಲೇ,” ಎಂದ ದೋಣಿಯವನು. ಅವನ ಮುಖ ನಿಜವಾಗಿಯೂ ಸಪ್ಪಗಾಗಿತ್ತು. ಹಳೇ ಮಾತು ಬರದಿದ್ದರೆ ಸುತ್ತೂ ಇಲ್ಲ ಎಂದು ತಮಾಷೆಗೆ ಬಿಗುಮಾನ ಮಾಡಿ, ಹುಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ.

ದೋಣಿ ಇದ್ದಲ್ಲೇ ಇತ್ತು. ಹೆಂಡತಿ ಗಂಡನನ್ನು ನೋಡುತ್ತಿದ್ದಳು. ಅವನಿಗೆ ಮಗಳನ್ನು ಎತ್ತಿ ಕುಣಿಸಬೇಕು ಅನಿಸಿತು. ಅದರ ಬೆನ್ನಿಗೇ, ಬಟ್ಟೆಯ ಮೇಲಿನ ತಲೆ, ಬಾಗಿಲಿಗೆ ಬಂದ ದಾಳಿ, ಎತ್ತಲೋ ನಡೆದ ಅತ್ತ, ಎಲ್ಲವೂ ಒಂದರ ಹಿಂದೊಂದು ಆ ಮಂಜಿನೊಳಗೆ ಇಳಿದು ಹೋಗುತ್ತಿರುವಂತೆ ಕಂಡಿತು. ತಡೆಯಬಾರದು ಎಂದು ಗೊತ್ತಿತ್ತು. ಗೊತ್ತಿದ್ದೂ ಬಾಗಿ, ಅವಳ ಕಿವಿಯ ಹತ್ತಿರ, ಬೇಡುವವನ ದನಿಯಲ್ಲಿ ಕೇಳಿಯೇಬಿಟ್ಟ.

“ಒಂದೇ ಒಂದು ಸಲ ಹಳೇ ಥರ ಹೇಳಮ್ಮ. ನನಗೋಸ್ಕರ. ಆಮೇಲೆ ಬೇಡ.”

ಚಿಕ್ಕವಳು ಎರಡೂ ಕೈಯಲ್ಲಿ ಅವನ ಗಲ್ಲ ಹಿಡಿದು, ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

“ಹೇಳಲ್ಲ ಅಪ್ಪ,” ಎಂದಳು. “ಇನ್ನು ಕೇಳ್ಬೇಡ.”